ಪೊದೆಯ ಪರವಾಗಿ

ಕೆಲವು ದಿನದ ಮಟ್ಟಿಗೆ ಬಂದಿರುವ ನನ್ನ ತಂಗಿ ಶಶಿಕಲಾ, ಮನೆ ಚೊಕ್ಕ ಮಾಡುವ ಹುರುಪಿನಲ್ಲಿ ಕಪಾಟಿನ ಮೇಲಿಂದ ನೀಲಿ ಟಾರ್ಪಾಲಿನ ತುಂಡೊಂದನ್ನು ಎಳೆದು ಹಾಕಿದಳು. ಎರಡು ಮೊಳ ಅಗಲ, ಮೂರು ಮೊಳ ಉದ್ದ. ಒಂದು ಮೂಲೆಯನ್ನು ಇಲಿ ತಿಂದಿದೆ. ನಡುವೆ ಎಷ್ಟು ತೊಳೆದರೂ ಹೋಗದ ಕೆಮ್ಮಣ್ಣಿನ ಕಲೆ. ಕಸದ ಚೀಲಕ್ಕೆ ಹಾಕುವ ಮೊದಲು, ಇದು ಬೇಕಾ ಎಂದು ಕೇಳಿದಳು. ಬೇಕು ಎಂದೆ. ಎಂತಕ್ಕೆ ಎಂದಳು. ಕೂರಲಿಕ್ಕೆ ಎಂದೆ. ಐದು ಕುರ್ಚಿ, ಒಂದು ಸೋಫಾ ಇರುವ ಮನೆಯಲ್ಲಿ ಅರವತ್ತಾರು ವರ್ಷದ ಅಕ್ಕ ಹೀಗೆ ಹೇಳಿದರೆ ತಂಗಿಯಾದವಳು ಏನು ಮಾಡಬೇಕು? ಮಡಚಿ ಮತ್ತೆ ಮೇಲಿಟ್ಟಳು. ಆದರೆ ಆ ದಿನವಿಡೀ ನನ್ನನ್ನು ಅನುಮಾನದಿಂದ ನೋಡುತ್ತಲೇ ಇದ್ದಳು.

ಅವಳಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ. ನಾನು ಕಲಿತ ವಿದ್ಯೆಯೆಲ್ಲ ಕೂತು ಕಲಿತದ್ದು, ಅದೂ ಈ ತುಂಡಿನ ಮೇಲೆ ಕೂತು. ಮಂಗಳೂರಿನ ಕೊಟ್ಟಾರದಿಂದ ಸುರತ್ಕಲ್ ಕಡೆ ಹೋಗುವ ಹೆದ್ದಾರಿಯಿಂದ ಸ್ವಲ್ಪ ಒಳಗೆ ಹೋದರೆ ಬಲ್ಲೆಗುಡ್ಡೆ ಎಂಬ ಸಣ್ಣ ಗುಡ್ಡ ಉಂಟು. ತುಳುವಿನಲ್ಲಿ ಬಲ್ಲೆ ಎಂದರೆ ಪೊದೆ. ಹೆಸರಿಗೆ ತಕ್ಕ ಹಾಗೆ ಕೇಪುಳ, ಚೂರಿಮುಳ್ಳು, ನೆಕ್ಕರಿಕ, ಬೆತ್ತ ಎಲ್ಲ ಒಂದರ ಕುತ್ತಿಗೆಗೆ ಒಂದು ಬಿದ್ದು ಬೆಳೆದಿವೆ. ಮೇಲೆ ಕುಂಟಾಲ, ಹೊನ್ನೆ, ಹೆಬ್ಬಲಸಿನ ಮರಗಳು. ಸುತ್ತ ಫ್ಲಾಟುಗಳು ಎದ್ದ ಮೇಲೆ, ಎಲ್ಲರೂ ಬೋಳಿಸಿಕೊಂಡ ಸಾಲಿನಲ್ಲಿ ತಲೆಗೂದಲು ಬಿಟ್ಟ ಒಬ್ಬನೇ ಕೂತ ಹಾಗೆ ಆ ಗುಡ್ಡ ಕಾಣುತ್ತದೆ.

ಆ ಗುಡ್ಡದ ಕಾಡುಹಕ್ಕಿಗಳನ್ನು ನಾನು ಹದಿನೇಳು ವರ್ಷ ಎಣಿಸಿದ್ದೇನೆ. ಎಣಿಸುವುದು ಎಂದರೆ ಕೆಲಸ ಇಷ್ಟೇ. ಬೆಳಿಗ್ಗೆ ಆರಕ್ಕೆ ಹೋಗಿ ಗುರುತು ಮಾಡಿದ ಒಂದು ಜಾಗದಲ್ಲಿ ಹತ್ತು ನಿಮಿಷ ಅಲುಗದೆ ಕೂರುವುದು. ಕಂಡ ಹಕ್ಕಿ, ಕೇಳಿದ ಹಕ್ಕಿ ಎಲ್ಲವನ್ನೂ ಬರೆಯುವುದು. ಎದ್ದು ಇನ್ನೂರು ಹೆಜ್ಜೆ ನಡೆದು ಮತ್ತೆ ಕೂರುವುದು. ಇಂಥ ಎಂಟು ಜಾಗ. ಇದಕ್ಕೆ ಸಂಶೋಧನೆ ಎಂದು ಹೆಸರು. ನಾನು ಇದನ್ನು ಮೊದಲ ಸಲ ಅಮ್ಮನಿಗೆ ವಿವರಿಸಿದಾಗ ಅವರು, ಇಷ್ಟಕ್ಕೆ ಕಾಲೇಜು ಯಾಕೆ, ಬಂದರಿನ ಬೆಕ್ಕುಗಳೂ ಇದನ್ನೇ ಮಾಡುತ್ತವೆ ಎಂದಿದ್ದರು.

ನಮ್ಮದು ಕಡಲಿನ ಮನೆ. ಅಪ್ಪ ದೋಣಿಯಲ್ಲಿ ಹೋಗುತ್ತಿದ್ದರು. ಕಡಲಹಕ್ಕಿಗಳು ನೀರಿನ ಮೇಲೆ ಸುತ್ತುವುದನ್ನು ನೋಡಿ, ಕೆಳಗೆ ಇರುವುದು ಬೂತಾಯಿಯೋ ಬಂಗುಡೆಯೋ ಎಂದು ದಡದಿಂದಲೇ ಹೇಳುವವರು. ಮೀನು ತೋರಿಸದ ಹಕ್ಕಿಯನ್ನು ದೇವರು ಯಾಕೆ ಮಾಡಿದ ಎಂಬುದು ಅವರಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ಅಮ್ಮ ಬಂದರಿನ ಮಾರ್ಕೆಟಿನಲ್ಲಿ ಬುಟ್ಟಿಯಿಟ್ಟು ಮೀನು ಮಾರುತ್ತಿದ್ದರು. ಶಾಲೆಗೆ ರಜೆಯಿದ್ದಾಗ ಅವರ ಪಕ್ಕ ಕೋಲು ಹಿಡಿದು ನಿಂತು ಕಾಗೆ, ಗರುಡಗಳನ್ನು ಓಡಿಸುವುದು ನನ್ನ ಕೆಲಸ. ಒಂಬತ್ತನೆಯ ವಯಸ್ಸಿನಲ್ಲಿ ಒಂದು ಗರುಡ ನನ್ನ ಕೈಯಲ್ಲಿದ್ದ ಬಂಗುಡೆಯನ್ನೂ ಜಡೆಯಲ್ಲಿದ್ದ ರಿಬ್ಬನ್ನನ್ನೂ ಒಟ್ಟಿಗೆ ಎತ್ತಿಕೊಂಡು ಹೋಯಿತು. ನಾನು ಅತ್ತದ್ದು ರಿಬ್ಬನ್ನಿಗೆ, ಅಮ್ಮ ಬೈದದ್ದು ಬಂಗುಡೆಗೆ. ಹಾಗಾಗಿ ಹಕ್ಕಿಗಳ ಮೇಲಿನ ಪ್ರೀತಿ ಬಾಲ್ಯದಿಂದಲೇ ಬಂತು ಎಂದು ನಾನು ಹೇಳಿದರೆ ಅದು ಸುಳ್ಳಾಗುತ್ತದೆ. ಬಾಲ್ಯದಿಂದ ಬಂದದ್ದು ದ್ವೇಷ.

ಪ್ರೀತಿ ಬಂದದ್ದು ಕಾಲೇಜಿನಲ್ಲಿ. ಓದಲಿಕ್ಕೆ ಹೋದದ್ದಲ್ಲ. ಪ್ರಾಣಿಶಾಸ್ತ್ರ ವಿಭಾಗದಲ್ಲಿ ನಾನು ಅಟೆಂಡರ್ ಆಗಿದ್ದೆ. ಜಾಡಿಗಳಲ್ಲಿ ತೇಲುವ ಹಾವು, ಕಪ್ಪೆಗಳಿಗೆ ದ್ರಾವಣ ತುಂಬುವುದು, ಗಾಜಿನ ಕಪಾಟಿನಲ್ಲಿದ್ದ ಒಣ ಹಕ್ಕಿಗಳ ಧೂಳು ಒರೆಸುವುದು. ಒಂದು ದಿನ ಒರೆಸುವಾಗ ಚೀಟಿಗಳೆಲ್ಲ ಉದುರಿದವು. ನಾನು ನನಗೆ ಸರಿ ಕಂಡ ಹಾಗೆ ಅಂಟಿಸಿಟ್ಟೆ. ಗೂಬೆಗೆ ಮಿಂಚುಳ್ಳಿಯ ಹೆಸರು ಬಿತ್ತು. ವಿಭಾಗದ ಮುಖ್ಯಸ್ಥರು ವಾಸುದೇವ ಉಪಾಧ್ಯಾಯರು, ನಮಗೆಲ್ಲ ಉಪಾಧ್ಯಾಯ ಸರ್. ಅರ್ಚಕರ ಮನೆತನ. ಕಪ್ಪೆ ಕೊಯ್ಯುವ ದಿನ ಮೂಗಿಗೆ ಕರ್ಚೀಫು ಕಟ್ಟಿಕೊಂಡೇ ಪಾಠ ಮಾಡುತ್ತಿದ್ದ ಪ್ರಾಣಿಶಾಸ್ತ್ರಜ್ಞ. ನನ್ನನ್ನು ಕರೆದು ಬೈದರು. ಬೈದ ಮೇಲೆ ಏನು ತೋರಿತೋ, ಒಂದೊಂದು ಹಕ್ಕಿಯನ್ನೂ ಹೊರಗೆ ತೆಗೆದು ಅದರ ಕೊಕ್ಕು, ಕಾಲು, ಬಾಲ ತೋರಿಸಿ ಹೆಸರು ಹೇಳಿಕೊಟ್ಟರು. ಮರುದಿನ ನಾನು ನಲವತ್ತೆರಡು ಚೀಟಿಗಳನ್ನೂ ಸರಿಯಾಗಿ ಅಂಟಿಸಿದೆ. ಆ ಭಾನುವಾರದಿಂದ ಬಲ್ಲೆಗುಡ್ಡೆಗೆ ಅವರ ಜೊತೆ ಹೋಗತೊಡಗಿದೆ. ನನ್ನ ಕೆಲಸ ಕೊಡೆ ಹಿಡಿಯುವುದು, ಚಹಾದ ಫ್ಲಾಸ್ಕು ಹೊರುವುದು. ಕೂರಲು ಅಪ್ಪನ ಬಲೆ ಮುಚ್ಚುತ್ತಿದ್ದ ಟಾರ್ಪಾಲಿನಿಂದ ಒಂದು ತುಂಡು ಕತ್ತರಿಸಿಕೊಂಡೆ.

ಎರಡನೆಯ ವರ್ಷ ಒಂದು ಬೆಳಿಗ್ಗೆ ಸರ್ ಪುಸ್ತಕ ನೋಡುತ್ತ, ಈ ಜಾಗದಲ್ಲಿ ಬದನಿಕೆ ಹಕ್ಕಿ ಕಡಿಮೆಯಾಗುತ್ತ ಬಂದಿದೆ, ಏನೋ ತೊಂದರೆ ಇರಬೇಕು ಎಂದು ಚಿಂತೆಪಟ್ಟರು. ಅವರ ತಲೆಯ ನೇರ ಮೇಲೆ ಒಂದು ಬದನಿಕೆ ಹಕ್ಕಿ ಟಿಕ್ ಟಿಕ್ ಎನ್ನುತ್ತಿತ್ತು. ಹೆಬ್ಬೆರಳಿನಷ್ಟು ಹಕ್ಕಿ, ಸೂಜಿಯಂಥ ಸ್ವರ. ನಾನು ಹೇಳಿದೆ. ಅವರು ಕಿವಿಗೆ ಕೈಯಿಟ್ಟು ಕೇಳಿದರು. ಕೇಳಲಿಲ್ಲ. ಇನ್ನೊಂದು ಸಲ ಕೇಳಿದರು. ಕಡಿಮೆಯಾದದ್ದು ಹಕ್ಕಿಯಲ್ಲ, ಅವರ ಕಿವಿ. ಅವರು ಪೆನ್ನಿನ ಮುಚ್ಚಳ ತೆಗೆದು ಹೇಳಿದರು, "ಇವತ್ತಿನಿಂದ ನೀನು ಹೇಳು ಸುಮತಿ, ನಾನು ಬರೀತೇನೆ."

ಕೊಡೆ ಹಿಡಿಯುವವಳಿಗೆ ಕೈಬರಹ ಚೆನ್ನಾಗಿರುವ ಒಬ್ಬ ಗುಮಾಸ್ತ ಸಿಕ್ಕಿದ ಹಾಗಾಯಿತು ಎಂದು ನಾನು ಒಳಗೊಳಗೇ ಹಿಗ್ಗಿದೆ. ಆಮೇಲೆ ಅವರ ಮೊಣಕಾಲೂ ಕೈಕೊಟ್ಟಿತು. ಕೂರುವುದು, ಕೇಳುವುದು, ಬರೆಯುವುದು ಎಲ್ಲವೂ ನನ್ನದೇ ಆಯಿತು. ನಾನು ನಿವೃತ್ತಳಾದರೂ ಭಾನುವಾರಗಳು ನಿವೃತ್ತವಾಗಲಿಲ್ಲ.

ನಾಲ್ಕು ವರ್ಷದ ಹಿಂದೆ ಬಲ್ಲೆಗುಡ್ಡೆಗೆ ಒಂದು ಯೋಜನೆ ಬಂತು. ಯಾವ ಕಚೇರಿಯದು ಎಂದು ಹೇಳುವುದಿಲ್ಲ. ಪೊದೆಗಳನ್ನೆಲ್ಲ ತೆಗೆದು, ಮರಗಳ ಕೆಳಗೆ ಇಂಟರ್‌ಲಾಕ್ ಹಾಸಿ, ಬೆಂಚು ಇಟ್ಟು ವಿಹಾರವನ ಮಾಡುವುದು. ಮರ ಒಂದನ್ನೂ ಕಡಿಯುವುದಿಲ್ಲ ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದರು. ಕಾಡು ಎಂದರೆ ಮರ ಎಂದು ತಿಳಿದವರು ಹೀಗೆಯೇ ಬರೆಯುವುದು. ನೆಲದಲ್ಲಿ ತರಗೆಲೆ ಕೆದಕಿ ಬದುಕುವ ಹಕ್ಕಿಗೆ ಮರ ಬರೀ ಸೂರು, ಪೊದೆಯೇ ಮನೆ. ಸೂರು ಬಿಟ್ಟು ಗೋಡೆ, ಅಡಿಗೆಮನೆ ಎಲ್ಲ ಕೆಡವುತ್ತೇವೆ, ಹೆದರಬೇಡಿ ಎಂದ ಹಾಗೆ.

ಯೋಜನೆಯ ಜೊತೆ ಒಂದು ವರದಿ ಇತ್ತು. ಈ ಸ್ಥಳದಲ್ಲಿ ಗಮನಾರ್ಹವಾದ ಕಾಡುಪಕ್ಷಿಗಳಿಲ್ಲ, ಕಾಗೆ, ಮೈನಾ, ಗಿಳಿಗಳು ಮಾತ್ರ ಕಂಡುಬಂದಿವೆ ಎಂದು. ಕಚೇರಿಯ ತಜ್ಞರು ನೋಡಿದ್ದು ಮೇ ತಿಂಗಳ ಒಂದು ಮಧ್ಯಾಹ್ನ. ಅದಕ್ಕೆ ಊರಿನ ತಜ್ಞರದ್ದೂ ಒಂದು ಸಹಿ ಇರಲಿ ಎಂದು ಉಪಾಧ್ಯಾಯ ಸರ್ ಮನೆಗೆ ಫೈಲು ಹೋಗಿತ್ತು. ಅವರು ನನ್ನನ್ನು ಕರೆಸಿದರು. ಕಿವಿಗೆ ಯಂತ್ರ, ಕಾಲಿಗೆ ಎಣ್ಣೆಯ ಪಟ್ಟಿ. ಸಹಿ ಹಾಕದೆ ಫೈಲು ವಾಪಸು ಮಾಡಿದ್ದಾಗಿಯೂ, ಮುಂದಿನ ವಾರ ಸಭೆ ಇದೆಯೆಂದೂ, ಅವರ ಬದಲು ನಾನೇ ಹೋಗಬೇಕೆಂದೂ ಹೇಳಿದರು.

"ನಾನು ಹೇಳಿದ್ರೆ ಯಾರು ಕೇಳ್ತಾರೆ ಸರ್?"

"ಕೇಳುವವರೆಗೆ ಹೇಳು. ಹಕ್ಕಿ ಎಂತ, ಒಂದು ಸಲ ಕೂಗಿ ಸುಮ್ಮನಾಗ್ತದಾ?"

ಸಭೆಗೆ ಹೋದೆ. ಇಸ್ತ್ರಿ ಹಾಕಿದ ಸೀರೆ, ಚೀಲದಲ್ಲಿ ಹದಿಮೂರು ನೋಟುಪುಸ್ತಕ. ಮೇಜಿನ ಆಚೆ ಅಧಿಕಾರಿಗಳು, ಅವರ ಪಕ್ಕ ಸೌಮ್ಯಾ ಎಂಬ ಎಳೆಯ ಇಂಜಿನಿಯರ್. ಈಚೆ ಅಲ್ಲಿಯ ಬಡಾವಣೆಯ ಸಂಘದ ಅಧ್ಯಕ್ಷರು ಜಗನ್ನಾಥ ಶೆಟ್ರು, ಬ್ಯಾಂಕಿನಿಂದ ನಿವೃತ್ತರಾದವರು. ವಿಹಾರವನ ಬೇಕೆಂದು ಅರ್ಜಿ ಕೊಟ್ಟವರೇ ಅವರು. ಪೊದೆಯಲ್ಲಿ ಹಾವುಗಳಿವೆ, ಹೆಂಗಸರು ಮಕ್ಕಳು ಓಡಾಡುವುದು ಹೇಗೆ ಎಂದು ಅವರು ಕೇಳಿದರು. ಅವರ ಹೆಂಡತಿಗೆ ಸಕ್ಕರೆ ಕಾಯಿಲೆ. ಡಾಕ್ಟರು ದಿನಾ ನಡೆಯಿರಿ ಎಂದಿದ್ದಾರೆ. ಹೆದ್ದಾರಿಯಲ್ಲಿ ನಡೆದರೆ ಲಾರಿ. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ನಾನು ಎದ್ದು ನಿಂತೆ. ಹಿರಿಯ ಅಧಿಕಾರಿ ನನ್ನ ಹುದ್ದೆ ಕೇಳಿದರು. ನಿವೃತ್ತ ಅಟೆಂಡರ್ ಎಂದೆ. ಯಾರೋ ಸಣ್ಣಗೆ ನಕ್ಕರು. ತಜ್ಞರ ವರದಿ ಈಗಾಗಲೇ ಇದೆಯಲ್ಲಮ್ಮ, ಅವರು ಸ್ಥಳಕ್ಕೇ ಹೋಗಿ ನೋಡಿದ್ದಾರೆ ಎಂದು ಅಧಿಕಾರಿ ಮೃದುವಾಗಿಯೇ ಹೇಳಿದರು. ಆ ನಗು ಇಲ್ಲದಿದ್ದರೆ ನಾನು ಅಲ್ಲಿಗೆ ಕೂತುಬಿಡುತ್ತಿದ್ದೆನೋ ಏನೋ. ನನ್ನ ಬಾಯಲ್ಲಿ ಅಮ್ಮ ಬಂದರು.

"ಸರ್, ಬೆಳಿಗ್ಗೆ ಐದು ಗಂಟೆಗೆ ದೋಣಿಯಿಂದ ಮೀನು ಇಳೀತದೆ. ಮಧ್ಯಾಹ್ನ ಮೂರಕ್ಕೆ ಬಂದರಿನ ದಕ್ಕೆಗೆ ಹೋಗಿ ನಿಂತು, ಮಂಗಳೂರಲ್ಲಿ ಮೀನೇ ಇಲ್ಲ ಅಂತ ಬರೆದ್ರೆ ನೀವು ಸೈನ್ ಹಾಕ್ತೀರಾ? ನಿಮ್ಮ ತಜ್ಞರು ಮಾಡಿದ್ದು ಅದನ್ನೇ."

ಈ ಸಲ ನಗು ಬೇರೆ ಕಡೆಯಿಂದ ಬಂತು. ನಾನು ಪುಸ್ತಕಗಳನ್ನು ಮೇಜಿನ ಮೇಲೆ ಪೇರಿಸಿದೆ. ಚಳಿಗಾಲದಲ್ಲಿ ಉತ್ತರದಿಂದ ಬರುವ ನವರಂಗ, ಕಿತ್ತಳೆ ತಲೆಯ ಸಿಳ್ಳಾರ, ಪೊದೆಯೊಳಗೆ ಕೂತು ಹಾಡುವ ಶಾಮ, ಹಸಿರು ರೆಕ್ಕೆಯ ಕಾಡುಪಾರಿವಾಳ, ಎಲ್ಲ ಯಾವ ಜಾಗದಲ್ಲಿ ಯಾವ ತಿಂಗಳು ಇದ್ದವು ಎಂದು ಓದಿದೆ. ಎಲ್ಲವೂ ನೆಲದವು, ಪೊದೆಯವು. ಪೊದೆ ಹೋದರೆ ಇವೆಲ್ಲ ಹೋಗುತ್ತವೆ, ಆಗ ನಿಮ್ಮ ವರದಿ ಸತ್ಯವಾಗುತ್ತದೆ ಎಂದೆ. ನಂಬಿಕೆ ಇಲ್ಲದವರು ಭಾನುವಾರ ಬೆಳಿಗ್ಗೆ ಆರಕ್ಕೆ ಬರಲಿ ಎಂದೂ ಹೇಳಿದೆ. ತೀರ್ಮಾನವನ್ನು ಮುಂದಕ್ಕೆ ಹಾಕಿದರು.

ಭಾನುವಾರ ಬಂದವರು ಇಬ್ಬರೇ, ಸೌಮ್ಯಾ ಮತ್ತು ಶೆಟ್ರು. ಶೆಟ್ರು ಮೊಣಕಾಲಿನವರೆಗೆ ಗಂಬೂಟು ಹಾಕಿ, ಕೈಯಲ್ಲಿ ದೊಣ್ಣೆ ಹಿಡಿದಿದ್ದರು. ಅವರನ್ನು ಟಾರ್ಪಾಲಿನ ಮೇಲೆ ಕೂರಿಸಿ, ನಾವಿಬ್ಬರು ಕಲ್ಲಿನ ಮೇಲೆ ಕೂತೆವು. ಹದಿಮೂರು ವರ್ಷ ನನ್ನನ್ನು ಬಿಡದೆ ಕಾಡಿದ ಹಕ್ಕಿಗಳೆಲ್ಲ ಅವತ್ತು ಮಾತಾಡಿಕೊಂಡ ಹಾಗೆ ಬಾಯಿ ಮುಚ್ಚಿದ್ದವು. ಐದು ನಿಮಿಷ ಕಳೆಯಿತು. ಒಂದು ಕಾಗೆ ಬಂದು ನಮ್ಮನ್ನು ನೋಡಿ ಹೋಯಿತು. ವರದಿಯಲ್ಲಿದ್ದ ಕಾಗೆಯೇ ಇರಬೇಕು. ನಾನು ಮನಸ್ಸಿನಲ್ಲೇ ಗುಡ್ಡದ ದೈವಕ್ಕೂ ಮನೆಯ ದೈವಕ್ಕೂ ಹರಕೆ ಹೇಳಿಕೊಂಡೆ.

ಆಗ ಶೆಟ್ರು ನನ್ನ ಕೈ ಹಿಡಿದುಕೊಂಡರು.

"ಹಾವು," ಎಂದು ಪಿಸುಗುಟ್ಟಿದರು. "ಅಲ್ಲಿ, ಎಲೆಯಡಿಯಲ್ಲಿ."

ಹೌದು, ಕೇಪುಳದ ಬುಡದಲ್ಲಿ ತರಗೆಲೆ ಸರಿಯುತ್ತಿತ್ತು. ಸರಕ್ ಎನ್ನುವುದು, ನಿಲ್ಲುವುದು, ಮತ್ತೆ ಸರಕ್ ಎನ್ನುವುದು. ನನಗಿಂತ ಮೊದಲು ಅದು ಅವರಿಗೇ ಕೇಳಿತ್ತು, ಹೆದರಿದವನ ಕಿವಿ ಅಷ್ಟು ಚುರುಕು. ಅಲುಗಬೇಡಿ ಎಂದೆ. ಎಲೆಯೊಂದು ಮಗುಚಿತು, ಅದರ ಹಿಂದಿನಿಂದ ನವರಂಗ ಕುಪ್ಪಳಿಸಿ ಹೊರಗೆ ಬಂತು. ಹಸಿರು ಬೆನ್ನು, ಕಣ್ಣಿಗೆ ಕಪ್ಪು ಪಟ್ಟಿ, ಹೊಟ್ಟೆಯಡಿ ಕುಂಕುಮ ಮೆತ್ತಿದ ಹಾಗೆ ಕೆಂಪು, ಬಾಲವೆಂಬುದು ಇದೆಯೋ ಇಲ್ಲವೋ ಎಂಬಷ್ಟು ಮೋಟು. ಎಲೆ ಮಗುಚಿ ಒಂದು ಹುಳ ಹಿಡಿಯಿತು, ನುಂಗಿತು, ಇನ್ನೊಂದು ಎಲೆ ಮಗುಚಿತು. ಶೆಟ್ರು ನನ್ನ ಕೈ ಬಿಡಲಿಲ್ಲ. ಅದು ಪೊದೆಯೊಳಗೆ ಮರೆಯಾದ ಮೇಲೆ, ಇದು ಎಲ್ಲಿಯದು ಎಂದು ಕೇಳಿದರು. ಹಿಮಾಲಯದ ತಪ್ಪಲಿನ ಕಡೆಯಿಂದ ಪ್ರತಿ ವರ್ಷ ಇಲ್ಲಿಗೆ ಬರುತ್ತದೆ, ಮಳೆಯ ಮೊದಲು ಹಿಂತಿರುಗುತ್ತದೆ ಎಂದೆ. ಅವರು ಬೆರಳು ಮಡಚಿ ವರ್ಷಗಳ ಲೆಕ್ಕ ಹಾಕಿದರು.

"ನಮ್ಮ ಮನೆಯ ಹಿಂದೆ ಇಪ್ಪತ್ತೆರಡು ವರ್ಷದಿಂದ ಇದು ಬರ್ತಾ ಉಂಟು, ನನಗೆ ಗೊತ್ತೇ ಇಲ್ಲ ಮಾರಾಯ್ರೆ," ಎಂದರು.

ಕತೆ ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಎರಡು ದಿನ ಬಿಟ್ಟು ಮಂಗಳವಾರ ಬೆಳಿಗ್ಗೆ ಅದೇ ಶೆಟ್ರ ಫೋನು ಬಂತು. ಜೆಸಿಬಿ ಬಂದಿದೆ, ಕೆಳಗಿನ ಮೂಲೆಯಿಂದ ಶುರು ಮಾಡಿದ್ದಾರೆ ಎಂದು. ತೀರ್ಮಾನ ಆಗುವ ಮೊದಲೇ ಗುತ್ತಿಗೆದಾರನಿಗೆ ಅವಸರವಾಗಿತ್ತು. ನಾನು ರಿಕ್ಷಾ ಹಿಡಿದು ಹೋಗುವಷ್ಟರಲ್ಲಿ ಶಾಮ ಹಾಡುತ್ತಿದ್ದ ಮೂಲೆ, ನನ್ನ ಎಂಟನೆಯ ಜಾಗ, ಕೆಂಪು ಅಂಗಳವಾಗಿತ್ತು. ಬೇರು ಮೇಲಾಗಿ ಬಿದ್ದ ಕೇಪುಳದ ಗಿಡದಲ್ಲಿ ಹೂವು ಇನ್ನೂ ಬಾಡಿರಲಿಲ್ಲ.

ಕೂಗಾಡಲು ನನಗೆ ಬರುವುದಿಲ್ಲ. ಕಾನೂನು ಗೊತ್ತಿಲ್ಲ. ಗೊತ್ತಿದ್ದ ವಿದ್ಯೆ ಒಂದೇ. ಯಂತ್ರದ ಬಾಯಿಯ ಎದುರು ಟಾರ್ಪಾಲು ಹಾಸಿ ಕೂತೆ. ಡ್ರೈವರು ಗದಗ ಕಡೆಯವನು, ನಡುವಯಸ್ಸಿನವನು. ಹಾರ್ನು ಹೊಡೆದ. ನಾನು ಏಳಲಿಲ್ಲ. ಇಳಿದು ಬಂದು ಏನಮ್ಮ ಎಂದ. ಹಕ್ಕಿ ಎಣಿಸುತ್ತಿದ್ದೇನೆ, ಹತ್ತು ನಿಮಿಷ ಶಬ್ದ ಮಾಡಬಾರದು ಎಂದೆ. ಅವನು ನನ್ನನ್ನೂ ನನ್ನ ಪುಸ್ತಕವನ್ನೂ ನೋಡಿ, ಹೋಗಿ ಇಂಜಿನ್ ಆರಿಸಿದ. "ಸಾಹೇಬ್ರು ಬರೂತನಕ ನಾನೂ ಕುಂದರ್ತೀನ್ರಿ," ಎಂದು ಸ್ವಲ್ಪ ದೂರದಲ್ಲಿ ಕೂತ. ನಾನು ನಿಜವಾಗಿಯೂ ಎಣಿಸಿದೆ. ಎಂಟನೆಯ ಜಾಗ, ಹತ್ತು ನಿಮಿಷ, ಒಂದೂ ಇಲ್ಲ. ಸೊನ್ನೆ ಬರೆದೆ. ಬರೆಯುವಾಗ ಅಕ್ಷರ ಮಂಜಾಯಿತು. ಕನ್ನಡಕ ಒರೆಸಿದರೂ ಸರಿಹೋಗಲಿಲ್ಲ.

ಗುತ್ತಿಗೆದಾರ ಬಂದ. ಸೌಮ್ಯಾ ಬಂದಳು. ವಾಕಿಂಗ್ ಶೂ ಹಾಕಿಕೊಂಡ ಶೆಟ್ರೂ ಅವರ ಹೆಂಡತಿಯೂ ಬಂದರು. ಗುತ್ತಿಗೆದಾರ ಜೋರು ಮಾಡಿ, ಇಲ್ಲಿಯ ಜನರೇ ಬೇಕೆಂದು ಅರ್ಜಿ ಕೊಟ್ಟ ಕೆಲಸವಿದು, ತಡೆಯಲು ಈ ಅಮ್ಮ ಯಾರು ಎಂದು ಕೇಳಿದ. ಶೆಟ್ರು ಮುಂದೆ ಬಂದು ನನ್ನ ಪಕ್ಕ ನಿಂತರು. ಕೆಳಗೆ ಕೂತರೆ ಏಳಲು ಕಷ್ಟವೆಂದು ನಿಂತೇ ಮಾತಾಡಿದರು.

"ಅರ್ಜಿ ಕೊಟ್ಟದ್ದು ನಾನೇ. ಅದರಲ್ಲಿ ನನ್ನ ಸೈನ್ ಉಂಟು, ಇಲ್ಲಿ ನನ್ನ ಕಾಲು ಉಂಟು. ಯಾವುದು ನಿಜ ಅಂತ ನೀವೇ ನೋಡಿ."

ಸೌಮ್ಯಾ ಫೋನಿನಲ್ಲಿ ಮೇಲಿನವರ ಜೊತೆ ತುಂಬ ಹೊತ್ತು ಮಾತಾಡಿ, ಆದೇಶವಿಲ್ಲದೆ ಕೆಲಸ ನಡೆದಿದೆಯೆಂದು ತಾನೇ ಬರೆದು ಕೊಟ್ಟಳು. ಅದಕ್ಕೆ ಅವಳು ಮೇಲಿನವರಿಂದ ಎಷ್ಟು ಬೈಸಿಕೊಂಡಳೋ ನಮಗೆ ಹೇಳಲಿಲ್ಲ. ಜೆಸಿಬಿ ಹಿಂದೆ ಹೋಯಿತು. ಮುಂದಿನ ಸಭೆಯಲ್ಲಿ ನಕ್ಷೆ ಬದಲಾಯಿತು. ಗುಡ್ಡದ ಹೊರಗೋಡೆಯ ಬದಿಯಿಂದ ನಡೆಯುವ ದಾರಿ, ಒಳಗೆ ಯಾರೂ ಕೈ ಹಾಕಬಾರದು, ತರಗೆಲೆ ಗುಡಿಸಬಾರದು. ಶೆಟ್ರ ಹೆಂಡತಿ ಈಗ ದಿನಾ ಆ ದಾರಿಯಲ್ಲಿ ಮೂರು ಸುತ್ತು ನಡೆಯುತ್ತಾರೆ, ಹಕ್ಕಿ ಕೂಗಿದರೆ ನಿಂತು ಕೇಳುತ್ತಾರೆ. ಹಾಗಾಗಿ ನಡಿಗೆ ಸಾಕಷ್ಟು ಆಗುವುದಿಲ್ಲ ಎಂದು ಶೆಟ್ರ ದೂರು.

ಗೆದ್ದೆವು ಎಂದು ಉಪಾಧ್ಯಾಯ ಸರ್ ಪಾಯಸ ಮಾಡಿಸಿದರು. ನಾನು ಕುಡಿದೆ. ಆದರೆ ಆ ಕೆಳಗಿನ ಮೂಲೆ ಬೋಳಿಸಿದ್ದನ್ನು ನಾನು ಕ್ಷಮಿಸಿಲ್ಲ. ಅಲ್ಲಿ ಸಾಲಾಗಿ ಅಲಂಕಾರದ ಗಿಡ ನೆಟ್ಟರು, ಚಂದ ಕಾಣುತ್ತದೆ. ಶಾಮ ಆ ವರ್ಷ ಹಾಡಲಿಲ್ಲ. ಮರುವರ್ಷವೂ ಇಲ್ಲ. ಪ್ರತಿ ಭಾನುವಾರ ಅಲ್ಲಿ ಕೂತು ಹತ್ತು ನಿಮಿಷ ಕಳೆದು ಸೊನ್ನೆ ಬರೆಯುತ್ತೇನೆ. ಇಲ್ಲದ್ದನ್ನು ಇಲ್ಲ ಎಂದು ಬರೆಯುವವರು ಯಾರೂ ಇಲ್ಲದಿದ್ದರೆ, ಅಲ್ಲಿ ಮೊದಲೂ ಏನೂ ಇರಲಿಲ್ಲ ಎಂದು ಇನ್ನೊಂದು ವರದಿ ಬರುತ್ತದೆ.

ಅಂದಹಾಗೆ, ಇದನ್ನು ಬರೆಯುವ ಹೊತ್ತಿಗೆ ಹೊಸದೊಂದು ಸುದ್ದಿ. ಬಲ್ಲೆಗುಡ್ಡೆಯ ಸೌಂದರ್ಯ ಹೆಚ್ಚಿಸಲು ಒಳಗಿನ ಮರಗಳಿಗೆಲ್ಲ ಬಣ್ಣದ ದೀಪ ಸುತ್ತಿದ್ದಾರೆ. ಕೈ ಹಾಕಬಾರದು ಎಂದಿತ್ತೇ ಹೊರತು ದೀಪ ಹಾಕಬಾರದು ಎಂದು ಎಲ್ಲಿಯೂ ಬರೆದಿರಲಿಲ್ಲವಂತೆ. ಅಲ್ಲಿ ಮಲಗುವ ಹಕ್ಕಿಗಳ ಬಗ್ಗೆ, ಗೂಬೆಯ ಬಗ್ಗೆ ನಾನು ಕೊಟ್ಟ ಎರಡು ಪತ್ರಗಳಿಗೆ ಉತ್ತರವಿಲ್ಲ. ಬದಲಿಗೆ ನಿನ್ನೆ ಕಚೇರಿಯಿಂದ ಒಬ್ಬರು ಬಹಳ ಮರ್ಯಾದೆಯಿಂದ ಫೋನು ಮಾಡಿದರು. ಶನಿವಾರ ಸಂಜೆ ದೀಪಗಳ ಉದ್ಘಾಟನೆ, ಕಾರ್ಡಿನಲ್ಲಿ ನನ್ನ ಹೆಸರಿನ ಮುಂದೆ ಪಕ್ಷಿತಜ್ಞೆ ಎಂದು ಅಚ್ಚು ಹಾಕಿಸಿದ್ದಾರಂತೆ. ಹಾರ, ಶಾಲು, ಫಲಪುಷ್ಪ ಎಲ್ಲ ಉಂಟಂತೆ. ಸ್ವಿಚ್ಚು ಒತ್ತಲು ನಾನೇ ಬರಬೇಕಂತೆ.

ಶೆಟ್ರಿಗೆ ಹೇಳಿದೆ, ಹೆಂಡತಿಯನ್ನೂ ಸಂಘದವರನ್ನೂ ಕರೆದುಕೊಂಡು ಬರುತ್ತೇನೆ ಎಂದರು. ಸರ್‌ಗೆ ಹೇಳಿದೆ, ಗಾಲಿಕುರ್ಚಿಯಲ್ಲಾದರೂ ಬರುತ್ತೇನೆ ಎಂದರು. ಆಮೇಲೆ ನಾನೇ ಕಚೇರಿಗೆ ಫೋನು ಮಾಡಿದೆ.

"ಬರ್ತೇನೆ," ಎಂದೆ. "ಆದ್ರೆ ದೀಪ ಆರಿಸ್ಲಿಕ್ಕೆ."